ಅಳೆದದ್ದನ್ನು ಹಿಂದಕ್ಕೆ ಕರೆಸಿದವರು

ಆ ಮದುವೆಯ ದಿನ ಮಳೆ ಬರುತ್ತಿತ್ತು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಬೆಂಚಿನ ತೇವ, ಅವರು ಕರವಸ್ತ್ರ ಹಾಸಿ ಕೂತದ್ದು, ಮಡಿಸಿದ ಕೊಡೆಯ ತುದಿಯಿಂದ ನೀರು ತೊಟ್ಟಿಕ್ಕಿದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಮೊನ್ನೆ ಹಳೆಯ ದಿನಚರಿ ತೆಗೆದು ನೋಡಿದರೆ, ನನ್ನದೇ ಅಕ್ಷರದಲ್ಲಿ ‘ಒಳ್ಳೆಯ ಬಿಸಿಲು, ಸ್ವೆಟರ್ ಹೊತ್ತು ತಂದದ್ದು ದಂಡ’ ಎಂದಿದೆ. ಹಾಗಾಗಿ ಮುಂದೆ ಬರೆಯುವುದರಲ್ಲಿ ಇನ್ನೂ ಏನೇನು ತಪ್ಪಿದೆಯೋ ತಿಳಿಯದು. ದಿನಚರಿಯಲ್ಲಿ ಸಿಕ್ಕಿದ ಮಾತುಗಳನ್ನು ಅಲ್ಲಿಂದಲೇ ಎತ್ತಿಕೊಂಡಿದ್ದೇನೆ. ಉಳಿದದ್ದಕ್ಕೆ ನನ್ನ ನೆನಪೇ ಸಾಕ್ಷಿ. ಅದು ಎಂಥ ಸಾಕ್ಷಿ ಎಂದು ಈಗಷ್ಟೇ ಹೇಳಿದೆ.

ದಿನಚರಿ ತೆಗೆಯುವಂತೆ ಮಾಡಿದ್ದು ಒಂದು ಅಂಚೆಕಾರ್ಡು. ಜಪಾನಿನಲ್ಲಿ ಮನೆಯಲ್ಲಿ ಸಾವಾದ ವರ್ಷ ಹೊಸ ವರ್ಷದ ಶುಭಾಶಯ ಕಳಿಸುವುದಿಲ್ಲ. ‘ಈ ಸಲ ನಮ್ಮಿಂದ ಶುಭಾಶಯ ಬರುವುದಿಲ್ಲ, ಕ್ಷಮಿಸಿ’ ಎಂದು ಮೊದಲೇ ತಿಳಿಸುವ ಬೂದು ಅಂಚಿನ ಕಾರ್ಡು ಬರುತ್ತದೆ. ಟೋಕಿಯೊದ ಫುನಾಬೊರಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಟಪಾಲು ಪೆಟ್ಟಿಗೆಯಲ್ಲಿ ಪಿಜ್ಜಾ ಅಂಗಡಿಯ ಜಾಹೀರಾತುಗಳ ನಡುವೆ ಅದು ಸಿಕ್ಕಿತು. ಮದುವೆಯ ದಿನ ಆ ಬೆಂಚಿನ ಮೇಲೆ ಕೂತಿದ್ದ ಅವರು ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಬರೆದವಳು ಅವರ ಮಗಳು.

‘ಅಮ್ಮಾ, ದರೆ?’ ಎಂದಳು ನನ್ನ ಮಗಳು. ಯಾರು ಅಂತ. ಅವಳಿಗೆ ಎಂಟು ವರ್ಷ, ಕನ್ನಡದಲ್ಲಿ ಕೇಳಿದ್ದಕ್ಕೂ ಜಪಾನಿಯಲ್ಲೇ ಉತ್ತರಿಸುತ್ತಾಳೆ.

‘ನಂಗೆ ಅಳೆಯೋದು ಹೇಳಿಕೊಟ್ಟವರು ಪುಟ್ಟಿ.’

‘ಸ್ಕೇಲಲ್ಲಿ?’

‘ಇಲ್ಲ, ಸ್ಕೇಲನ್ನೇ ಅಳೆಯೋದು.’

ಅವಳಿಗೆ ಅದು ಹುಚ್ಚುತನ ಅನ್ನಿಸಿರಬೇಕು, ಟಿವಿಯ ಕಡೆ ಹೋದಳು.

ನಾನು ಹಮಾಮತ್ಸುವಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಅವರು ನಮ್ಮ ವಿಭಾಗದ ಅಳತೆಯ ಕೋಣೆಯ ತಂತ್ರಜ್ಞ. ಪ್ರೊಫೆಸರ್ ಅಲ್ಲ, ಯಾವ ಪ್ರಬಂಧದಲ್ಲೂ ಅವರ ಹೆಸರಿಲ್ಲ. ಉಕ್ಕಿನ ಚಿಕ್ಕ ಚಿಕ್ಕ ಬಿಲ್ಲೆಗಳು, ಗೇಜುಗಳು, ಸೂಕ್ಷ್ಮದರ್ಶಕಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸಿ ಚೀಟಿ ಅಂಟಿಸುವುದು ಅವರ ಕೆಲಸ. ಹಸಿರು ಚೀಟಿ ಎಂದರೆ ಸರಿ, ಕೆಂಪು ಎಂದರೆ ತಪ್ಪು, ಬಿಳಿ ಎಂದರೆ ಇನ್ನೂ ಪರೀಕ್ಷಿಸಿಲ್ಲ. ಕೋಣೆ ಸದಾ ಇಪ್ಪತ್ತು ಡಿಗ್ರಿಯಲ್ಲಿ ಇರಬೇಕು, ಇಲ್ಲದಿದ್ದರೆ ಉಕ್ಕು ಹಿಗ್ಗುತ್ತದೆ. ಹೊರಗಿನಿಂದ ತಂದ ವಸ್ತುವನ್ನು ಅವರು ಕೂಡಲೇ ಅಳೆಯುತ್ತಿರಲಿಲ್ಲ, ಗಂಟೆಗಟ್ಟಲೆ ಬಿಡುತ್ತಿದ್ದರು. ಓಡಿಕೊಂಡು ಬಂದ ವಿದ್ಯಾರ್ಥಿಗಳಿಗೂ ಅದೇ ನಿಯಮ.

‘ನೀವೂ ಸ್ವಲ್ಪ ಕೂತ್ಕೊಳ್ಳಿ,’ ಎಂದು ಸ್ಟೂಲು ತೋರಿಸುವರು. ‘ಹೊರಗಿನ ಬಿಸಿ ಇಳೀಲಿ.’

ನನ್ನ ಎರಡನೆಯ ವರ್ಷ ಒಂದು ಗೇಜು ತಪ್ಪೆಂದು ಅವರಿಗೆ ಗೊತ್ತಾಯಿತು. ತಪ್ಪು ಎರಡು ಮೈಕ್ರಾನು, ಎಂದರೆ ಕೂದಲೆಳೆಯ ದಪ್ಪದ ಚಿಕ್ಕದೊಂದು ಪಾಲು. ಕೆಂಪು ಚೀಟಿ ಅಂಟಿಸಿ ಮುಗಿಸಬಹುದಿತ್ತು. ಅವರು ರಿಜಿಸ್ಟರ್ ತೆಗೆದು, ಆ ಗೇಜು ಕೊನೆಯ ಸಲ ಸರಿಯಿದ್ದ ದಿನದಿಂದ ಈಚೆಗೆ ಅದರಿಂದ ಅಳೆದ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿ, ಅಳೆಸಿಕೊಂಡ ಪ್ರತಿಯೊಬ್ಬರ ಬಳಿಗೂ ನಡೆದುಹೋದರು. ಅಳತೆಯ ಕೆಲಸದಲ್ಲಿ ಅದು ನಿಯಮವೇ. ಪುಸ್ತಕದಲ್ಲಿರುವ ಹಾಗೆ ಅದನ್ನು ಮಾಡಿದವರನ್ನು ಮಾತ್ರ ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಮೇಜಿನ ಮುಂದೆ ಬಂದು ಬಾಗಿ ಹೇಳಿದರು, ‘ಸುಮಿಮಾಸೆನ್, ಕ್ಷಮಿಸಿ. ನಾನು ಕೊಟ್ಟ ಅಳತೆ ತಪ್ಪಿರಬಹುದು. ದಯವಿಟ್ಟು ವಾಪಸ್ ಕೊಡಿ.’

ಆ ಅಳತೆ ಇದ್ದ ಪ್ರಬಂಧವನ್ನು ನಾನು ಆಗಲೇ ಪತ್ರಿಕೆಗೆ ಕಳಿಸಿದ್ದೆ. ‘ಎರಡು ಮೈಕ್ರಾನ್ ತಾನೇ,’ ಎಂದೆ.

‘ಎಷ್ಟು ಅನ್ನೋದನ್ನ ನೀವು ನೋಡ್ಕೊಳ್ಳಿ. ತಪ್ಪಿದೆ ಅಂತ ಬಂದು ಹೇಳೋದು ನನ್ನ ಕೆಲಸ.’

ಮೂರು ವಾರ ಎಲ್ಲವನ್ನೂ ಮತ್ತೆ ಅಳೆದೆ. ನಮ್ಮ ಲ್ಯಾಬಿನಲ್ಲಿದ್ದ ಇನ್ನೊಬ್ಬ ಕನ್ನಡಿಗ, ಬೆಂಗಳೂರಿನ ಹುಡುಗ, ಅವತ್ತೇ ಅವರಿಗೆ ಮೈಕ್ರಾನ್ ಸಾನ್, ಮೈಕ್ರಾನ್ ರಾಯರು, ಎಂದು ಹೆಸರಿಟ್ಟ. ‘ಏನೇ, ನಿನ್ನ ಮೈಕ್ರಾನ್ ಸಾನ್ ಇವತ್ತು ಯಾರ ಮನೆ ಹಾಳು ಮಾಡಿದ್ರು?’ ಎಂದು ಕೇಳುವನು. ನಿಜವಾದ ಹೆಸರು ಇಲ್ಲಿ ಬೇಡ.

ಲ್ಯಾಬಿನ ಪಾರ್ಟಿಗಳಲ್ಲಿ ನಮ್ಮಿಬ್ಬರಿಗೂ ಒಂದೇ ಮೂಲೆ. ನಾನು ಮೀನಿನ ರಸ ಸೋಕಿದ ಏನನ್ನೂ ಮುಟ್ಟುತ್ತಿರಲಿಲ್ಲ. ಅವರು ಬಿಯರ್ ಹೋಗಲಿ, ಕಾಫಿ ಹೋಗಲಿ, ಹಸಿರು ಚಹಾ ಕೂಡ ಕುಡಿಯುತ್ತಿರಲಿಲ್ಲ. ಚಹಾ ಬೆಳೆಯುವ ಶಿಜುವೊಕಾ ಸೀಮೆಯ ಮನುಷ್ಯ ಚಹಾ ಬೇಡವೆನ್ನುವುದು ಎಂಥ ವಿಚಿತ್ರ ಎಂಬುದು ಅಲ್ಲಿಯವರ ಮುಖ ನೋಡಿದರೆ ತಿಳಿಯುತ್ತಿತ್ತು. ಪಾರ್ಟಿ ಏರ್ಪಡಿಸಿದವರು ನಮ್ಮಿಬ್ಬರ ಮುಂದೆ ಬೇಯಿಸಿದ ಸೋಯಾ ಕಾಯಿಯ ತಟ್ಟೆ, ಬಾರ್ಲಿ ನೀರಿನ ಜಗ್ಗು ಇಟ್ಟು ನಿಟ್ಟುಸಿರು ಬಿಡುವರು. ಅಲ್ಲಿ ಕೂತೇ ಅವರು ಮಾರ್ಮನ್ ಎಂದು, ಅಮೆರಿಕದಲ್ಲಿ ಹುಟ್ಟಿದ ಆ ಕ್ರೈಸ್ತ ಪಂಥದವರಿಗೆ ಮದ್ಯ, ಕಾಫಿ, ಚಹಾ ಮೂರೂ ನಿಷಿದ್ಧ ಎಂದು ನನಗೆ ತಿಳಿದದ್ದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸೈಕಲ್ ಮೇಲೆ ಬಂದ ಇಬ್ಬರು ಅಮೆರಿಕನ್ ಹುಡುಗರ ಮಾತು ಕೇಳಿ ದೀಕ್ಷಾಸ್ನಾನ ಪಡೆದಿದ್ದರು. ಆ ಸಭೆಗೆ, ಎಂದರೆ ಅವರ ಚರ್ಚಿಗೆ, ಒಬ್ಬ ಅಧ್ಯಕ್ಷ ಇರುತ್ತಾನೆ, ಅಮೆರಿಕದಲ್ಲಿ. ಅವನನ್ನು ಅವರು ಪ್ರವಾದಿ ಎನ್ನುತ್ತಾರೆ. ದೇವರು ಇಂದಿಗೂ ಅವನ ಮೂಲಕ ಮಾತಾಡುತ್ತಾನೆ ಎಂಬುದು ನಂಬಿಕೆ.

‘ನೀವು ಮಾಂಸ ತಿನ್ನಲ್ವಲ್ಲ, ಹಾಗಂತ ಯಾರು ಹೇಳಿದ್ದು?’ ಎಂದು ಒಮ್ಮೆ ಕೇಳಿದರು.

‘ಮನೇಲಿ.’

‘ಮನೇಲಿ ಯಾರು?’

‘ಎಲ್ಲಾರೂ. ಅವರಿಗೆ ಮಠದ ಗುರುಗಳು ಹೇಳಿರ್ತಾರೆ.’

‘ಓ. ಹಾಗಾದ್ರೆ ನಿಮಗೂ ಒಬ್ಬರು ಇದ್ದಾರೆ,’ ಎಂದು ಅವರು ನನ್ನ ಲೋಟಕ್ಕೆ ಬಾರ್ಲಿ ನೀರು ಬಗ್ಗಿಸಿದರು.

ಕುತೂಹಲಕ್ಕೆಂದು ಒಂದು ಭಾನುವಾರ ಅವರ ಸಭೆಗೆ ಹೋಗಿದ್ದೆ. ಅಲ್ಲಿ ಒಂದು ಪದ್ಧತಿ ಇದೆ. ಪ್ರವಾದಿಯಿಂದ ಹಿಡಿದು ಮಕ್ಕಳಿಗೆ ಪಾಠ ಹೇಳುವ ಹೆಂಗಸಿನವರೆಗೆ, ಹೊಣೆ ಹೊತ್ತವರ ಹೆಸರು ಓದಿ, ಒಪ್ಪುವವರು ಬಲಗೈ ಎತ್ತಿ ಎನ್ನುತ್ತಾರೆ. ಎಲ್ಲರೂ ಎತ್ತುತ್ತಾರೆ. ಆಮೇಲೆ, ಒಪ್ಪದವರಿದ್ದರೆ ಅವರೂ ಹಾಗೆಯೇ ಎತ್ತಿ ಎನ್ನುತ್ತಾರೆ. ಯಾರೂ ಎತ್ತುವುದಿಲ್ಲ. ಅವತ್ತು ಹೆಸರು ಓದುವ ಸರದಿ ಇವರದಾಗಿತ್ತು. ಎರಡನೆಯ ಪ್ರಶ್ನೆ ಕೇಳಿ ಅವರು ತಲೆಯೆತ್ತಿ ಹಿಂದಿನ ಸಾಲಿನವರೆಗೂ ನೋಡಿದರು. ಒಂದು, ಎರಡು, ಮೂರು, ನಾಲ್ಕು, ಐದು. ಮುಂದಿನ ಬೆಂಚಿನ ಮಕ್ಕಳು ಕಿಸಕ್ಕನೆ ನಕ್ಕು ಬೆರಳೆಣಿಸುತ್ತಿದ್ದರು. ಬೇರೆಯವರು ಉಸಿರೂ ಬಿಡದೆ ದಾಟಿಸುವ ವಾಕ್ಯ ಅದು.

‘ಕೇಳಿದ ಮೇಲೆ ಕಾಯಬೇಕಲ್ವಾ?’ ಎಂದರು ಆಮೇಲೆ. ‘ಕಾಯದಿದ್ರೆ ಯಾಕೆ ಕೇಳೋದು?’

ಹಮಾಮತ್ಸುವಿನ ಕಾರ್ಖಾನೆಗಳಲ್ಲಿ ಬ್ರೆಜಿಲ್‌ನಿಂದ ಬಂದ ಕೆಲಸಗಾರರು ಬಹಳ. ಇವರಿಗೆ ಇನ್ನೂ ಮೂವತ್ತು ಚಿಲ್ಲರೆ ವಯಸ್ಸಿದ್ದಾಗ ಅಂಥವರಲ್ಲೊಬ್ಬ ಇವರ ಸಭೆಗೆ ಬರತೊಡಗಿದ. ಹೆಂಡತಿ ಜಪಾನಿ ಮೂಲದವಳು, ಅವನದು ಕಪ್ಪು ಮೈಬಣ್ಣ. ಒಂದು ದಿನ ಆತ ಇವರನ್ನು ಕೇಳಿದನಂತೆ: ನಮ್ಮ ತಾತನ ಕಾಲದಲ್ಲಿ ಆಫ್ರಿಕಾ ಮೂಲದವರಿಗೆ ಈ ಸಭೆಯಲ್ಲಿ ಪೌರೋಹಿತ್ಯ ಕೊಡುತ್ತಿರಲಿಲ್ಲವಂತೆ, ಯಾಕೆ? ಆ ನಿಷೇಧ ಅಷ್ಟರಲ್ಲಿ ಹೋಗಿತ್ತು. ಯಾಕೆ ಇತ್ತು ಎಂಬುದಕ್ಕೆ ಇವರಿಗೆ ಹಿರಿಯರು ಕಲಿಸಿದ್ದ ಉತ್ತರ ಮಾತ್ರ ಇನ್ನೂ ಉಳಿದಿತ್ತು. ಹುಟ್ಟುವ ಮೊದಲಿನ ಲೋಕದಲ್ಲಿ ಆ ಆತ್ಮಗಳು ಸಾಕಷ್ಟು ನಿಷ್ಠೆ ತೋರಿರಲಿಲ್ಲ ಎಂಬುದು ಆ ಉತ್ತರ. ಇವರು ಅದನ್ನು ಹೇಳಿದರು, ನಯವಾಗಿ, ತಲೆ ಬಾಗಿಸಿ. ಆತ ಪಕ್ಕದಲ್ಲಿದ್ದ ತನ್ನ ಚಿಕ್ಕ ಮಗನನ್ನು ಒಮ್ಮೆ ನೋಡಿ, ‘ಹಾಗಾ,’ ಎಂದ. ಕೆಲವು ವಾರಗಳಲ್ಲಿ ಬರುವುದು ನಿಂತಿತು.

ಇದನ್ನು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಹುಟ್ಟಿನ ಹಿಂದಿನ ತಪ್ಪಿಗೆ ಹುಟ್ಟಿನಲ್ಲೇ ಶಿಕ್ಷೆ ಎಂಬ ಮಾತನ್ನು ನಾನು ನಮ್ಮ ಮನೆಯ ಊಟದ ಪಂಕ್ತಿಯಲ್ಲೇ ಕೇಳಿ ಬೆಳೆದವಳು. ಆಗ ಅದು ನನ್ನ ಊಟ ಕೆಡಿಸಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನಾನು ಹಮಾಮತ್ಸುವಿನಲ್ಲಿದ್ದ ಕಾಲಕ್ಕೆ, ಅಂಥ ವಿವರಣೆಗಳನ್ನು ನಾವು ಒಪ್ಪುವುದಿಲ್ಲ ಎಂದು ಅವರ ಸಭೆಯೇ ಹೇಳಿತು. ಉಳಿದವರು ಓದಿ ನೆಮ್ಮದಿಪಟ್ಟರು. ಇವರು ರಿಜಿಸ್ಟರ್ ತೆಗೆದರು. ಆ ಮನುಷ್ಯನ ಹಳೆಯ ಕಾರ್ಖಾನೆ, ಹಳೆಯ ಮನೆ, ಪರಿಚಯದವರು ಎಲ್ಲರನ್ನೂ ವಿಚಾರಿಸಿ ಬ್ರೆಜಿಲ್‌ನ ವಿಳಾಸವೊಂದನ್ನು ಹುಡುಕಿ, ಪೋರ್ಚುಗೀಸಿನಲ್ಲಿ ಪತ್ರ ಬರೆಸಿದರು. ‘ನಾನು ನಿಮಗೆ ಕೊಟ್ಟ ಉತ್ತರ ತಪ್ಪಾಗಿತ್ತು. ದಯವಿಟ್ಟು ವಾಪಸ್ ಕೊಡಿ.’ ಪತ್ರ ಏಳು ತಿಂಗಳ ನಂತರ, ವಿಳಾಸದಾರರಿಲ್ಲ ಎಂಬ ಮುದ್ರೆಯೊಂದಿಗೆ ಹಿಂದಿರುಗಿತು. ಲಕೋಟೆಯನ್ನು ಅಳತೆಯ ಕೋಣೆಯ ಕಪಾಟಿನಲ್ಲಿ, ಬಿಳಿ ಚೀಟಿ ಅಂಟಿಸಿ ಇಟ್ಟುಕೊಂಡಿದ್ದರು. ಅದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಇದು ದಿನಚರಿಯಲ್ಲೂ ಇದೆ.

ಪತ್ರ ಹಿಂದಿರುಗಿದ ಆ ಚಳಿಗಾಲದಲ್ಲಿ ಅವರ ಮಗಳ ಮದುವೆ ಗೊತ್ತಾಯಿತು. ಶನಿವಾರಗಳಂದು ನನ್ನ ಹತ್ತಿರ ಇಂಗ್ಲಿಷ್ ಮಾತಾಡಿ ಅಭ್ಯಾಸ ಮಾಡುತ್ತಿದ್ದ, ನಗುಮುಖದ ಹುಡುಗಿ. ನನ್ನನ್ನು ಒನೇಸಾನ್, ಅಕ್ಕ, ಎನ್ನುತ್ತಿದ್ದಳು. ಅವರಲ್ಲಿ ಮದುವೆ ನಡೆಯುವುದು ಟೋಕಿಯೊದಲ್ಲಿರುವ ಅವರ ಪಂಥದ ದೇವಾಲಯದಲ್ಲಿ. ಒಳಗೆ ಹೋಗಲು ಪ್ರತಿಯೊಬ್ಬರಿಗೂ ಒಂದು ಅನುಮತಿ ಚೀಟಿ ಬೇಕು. ಅದರ ಅವಧಿ ಮುಗಿದಾಗ ಸ್ಥಳೀಯ ಬಿಷಪ್ ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳುತ್ತಾರೆ. ಬಿಷಪ್ ಎಂದರೆ ಸಂಬಳದ ಪಾದ್ರಿಯಲ್ಲ, ವಾರವಿಡೀ ಕೃತಕ ಹಲ್ಲು ತಯಾರಿಸುವ, ಒಂದು ಕಾಲಕ್ಕೆ ಇವರ ಭಾನುವಾರದ ತರಗತಿಯಲ್ಲೇ ಕೂತಿದ್ದ, ಈಗಲೂ ಇವರನ್ನು ಸೆನ್ಸೇ, ಮೇಷ್ಟ್ರೇ, ಎನ್ನುವ ಮನುಷ್ಯ. ಪ್ರಶ್ನೆಗಳಲ್ಲೊಂದು ಪ್ರವಾದಿಯ ಬಗ್ಗೆ. ಅವರನ್ನು ಪ್ರವಾದಿಯೆಂದು, ದೇವರ ಚಿತ್ತ ಕಾಣುವವರೆಂದು ಎತ್ತಿಹಿಡಿಯುತ್ತೀರಾ? ಇವರು ಎಷ್ಟೋ ಸಲ ‘ಹಾಯ್’, ಹೌದು, ಎಂದಿದ್ದ ಪ್ರಶ್ನೆ.

ಈ ಸಲ ನಡೆದದ್ದನ್ನು ಅವರು ನನಗೆ ಹೇಳಿದ್ದು ಹೀಗೆ.

‘ಒಳ್ಳೆಯವರು ಅಂತ ಎತ್ತಿಹಿಡೀತೀನಿ. ತಪ್ಪಾಗಬಹುದಾದ ಮನುಷ್ಯ ಅಂತ ಎತ್ತಿಹಿಡೀತೀನಿ ಅಂದೆ. ಅದಕ್ಕೆ ಬಿಷಪ್, “ಸೆನ್ಸೇ, ಅಷ್ಟು ಉದ್ದ ಬೇಡ, ಹಾಯ್ ಅಂದ್ರೆ ಸಾಕು” ಅಂದ್ರು.’

‘ಮತ್ತೆ?’

‘ಹಿಂದಿನ ಪ್ರವಾದಿಗಳು ಹೇಳಿದ್ದು ತಪ್ಪಾಯ್ತಲ್ಲ, ಅದು ಹೇಗೆ ಅಂತ ಕೇಳ್ದೆ. ಆಗ ಅವರು ಮನುಷ್ಯರಾಗಿ ಮಾತಾಡಿದ್ರು, ಪ್ರವಾದಿಯಾಗಿ ಅಲ್ಲ, ಅಂದ್ರು. ಇರಬಹುದು. ಆದರೆ ಆವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಆ ಬ್ರೆಜಿಲ್‌ನವನಿಗೆ ಗೊತ್ತಿರಲಿಲ್ಲ. ಈಗ ಮಾತಾಡ್ತಿರೋದು ಯಾವುದು ಅಂತ ಈಗಲೇ ಹೇಗೆ ಹೇಳೋದು?’

‘ಬಿಷಪ್ ಏನಂದ್ರು?’

‘ಅತ್ತುಬಿಟ್ರು. ಪಾಪ. ಮನೆಗೆ ಹೋಗಿ ಪ್ರಾರ್ಥನೆ ಮಾಡಿ, ಮುಂದಿನ ವಾರ ಬನ್ನಿ ಅಂದ್ರು.’

ಮುಂದಿನ ವಾರವೂ ಹೋದರು, ಅದರ ಮುಂದಿನ ವಾರವೂ. ಚೀಟಿ ಸಿಗಲಿಲ್ಲ. ಹೆಂಡತಿ ಅವರೊಡನೆ ಮಾತು ಬಿಟ್ಟಳು. ಮಗಳು ಒಂದು ಸಂಜೆ ಅಳತೆಯ ಕೋಣೆಗೇ ಬಂದಳು. ನಾನು ಸ್ಟೂಲಿನ ಮೇಲೆ ಬಿಸಿ ಇಳಿಸಿಕೊಳ್ಳುತ್ತ ಕೂತಿದ್ದೆ. ಅವಳು ಬಾಗಿಲನ್ನು ತೆರೆದೇ ಹಿಡಿದು ನಿಂತಳು.

‘ಅಪ್ಪಾ, ಒಂದೇ ಒಂದು ಮಾತು. ಹೌದು ಅಂದ್ಬಿಡಿ. ಒಳಗೆ ಬಂದು ನನ್ನ ಪಕ್ಕ ಕೂತ್ಕೊಳ್ಳಿ. ಆಮೇಲೆ ಜೀವಮಾನವಿಡೀ ಅನುಮಾನ ಪಡ್ತಿರಿ, ನಾನು ಕೇಳಲ್ಲ.’

ಅವರು ಗೋಡೆಯ ಥರ್ಮಾಮೀಟರ್ ನೋಡಿದರು. ‘ಬಾಗಿಲು ಹಾಕಮ್ಮ. ಏರ್ತಿದೆ.’

‘ನೋಡಿದ್ರಾ ಅಕ್ಕ?’ ಎಂದು ಅವಳು ನನ್ನ ಕಡೆ ತಿರುಗಿದಳು. ‘ನನ್ನ ಮದುವೆಗೂ ಇವರಿಗೆ ಇಪ್ಪತ್ತು ಡಿಗ್ರಿನೇ ಇರಬೇಕು.’

ನನ್ನ ಮೌನ ಅಪ್ಪನ ಪರ ಎಂದು ಅವಳು ತಿಳಿದಳು. ಆಮೇಲೆ ಶನಿವಾರಗಳಂದು ಬರಲಿಲ್ಲ.

ಮದುವೆಯ ದಿನ ನಾನು ಊಟಕ್ಕೆ ಮಾತ್ರ ಆಹ್ವಾನಿತೆ. ಬೇಗ ತಲುಪಿ ದೇವಾಲಯದ ಎದುರಿನ ಉದ್ಯಾನಕ್ಕೆ ಹೋದರೆ, ಕಪ್ಪು ಸೂಟು, ಬಿಳಿ ಟೈ ಹಾಕಿಕೊಂಡು ಅವರು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಾರ್ಲಿ ನೀರಿನ ಫ್ಲಾಸ್ಕು. ಇನ್ನೊಂದು ತುದಿಯಲ್ಲಿ ವರನ ಅಜ್ಜಿ, ಬೌದ್ಧಳು, ಕಿಮೋನೊ ಉಟ್ಟು ಹೊರಗೆ ಕಾಯುತ್ತಿದ್ದಳು.

‘ನೀವು ಹುಡುಗಿ ಕಡೆ ಡ್ರೈವರಾ?’ ಎಂದು ಅಜ್ಜಿ ಕೇಳಿದಳು.

‘ಹುಡುಗಿ ತಂದೆ.’

ಅಜ್ಜಿ ಗಾಬರಿಯಿಂದ ಎದ್ದು ಬಾಗಿದಳು. ‘ಅಯ್ಯೋ, ಕ್ಷಮಿಸಿ. ಹಾಗಾದ್ರೆ ನೀವೂ ಈ ಮತದವರಲ್ಲ.’

‘ನಲವತ್ತು ವರ್ಷ ಆಯ್ತು ಸೇರಿ.’

‘ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ?’

‘ಒಂದು ಪ್ರಶ್ನೆಗೆ ಉತ್ತರ ಕೊಡೋದು ಬಾಕಿ ಇದೆ,’ ಎಂದು ಅವಳಿಗೂ ಒಂದು ಲೋಟ ಬಗ್ಗಿಸಿದರು.

ಬಹಳ ಹೊತ್ತಿನ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: ಅವರ ಮದುವೆಯೂ ಇದೇ ದೇವಾಲಯದಲ್ಲಿ ಆಗಿತ್ತು. ಅವರ ಅಪ್ಪ ಅಮ್ಮ ಆ ಮತದವರಲ್ಲವಾಗಿ ಹೀಗೆಯೇ ಹೊರಗೆ ಕೂತಿದ್ದರು. ಅಮ್ಮ ಎಲ್ಲರಿಗೂ ಊಟದ ಡಬ್ಬಿ ಕಟ್ಟಿ ತಂದಿದ್ದಳು. ‘ನಾನು ಹೊರಗೆ ಬಂದಾಗ ಅಮ್ಮ ಕೇಳಿದ್ದು ಒಂದೇ. ಮುಗೀತಾ? ಅಂತ. ಅವಳು ಅಲ್ಲಿ ಕೂತಿದ್ದು ಆಗ ನನಗೆ ಏನೂ ಅನ್ನಿಸಿರಲಿಲ್ಲ. ಸಂತೋಷವಾಗಿದ್ದೆ.’

ಆ ತಪ್ಪನ್ನು ಹೋಗಿ ಹೇಳಿ ಹಿಂದಕ್ಕೆ ಕರೆಸೋಣವೆಂದರೆ ಆ ಅಮ್ಮ ಈಗ ಬದುಕಿರಲಿಲ್ಲ.

ಮಗಳು ಹೊರಗೆ ಬಂದಾಗ ಅವರು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. ‘ಮುಗೀತಾ?’ ಎಂದರು. ಅವಳು ‘ಹಾಯ್’ ಎಂದು ಫೋಟೊಗೆ ನಿಲ್ಲಲು ಹೋದಳು. ಫೋಟೊದಲ್ಲಿ ಅವರೂ ಇದ್ದಾರೆ. ಅದನ್ನು ನೋಡಿದವರಿಗೆ ಯಾರು ಒಳಗಿದ್ದರು, ಯಾರು ಹೊರಗಿದ್ದರು ಎಂಬುದು ತಿಳಿಯುವುದಿಲ್ಲ.

ಅವರು ಸಭೆ ಬಿಡಲಿಲ್ಲ. ಹೊಣೆಗಳೆಲ್ಲ ಹೋದರೂ ಪ್ರತಿ ಭಾನುವಾರ ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಚಹಾ ಮುಟ್ಟಲಿಲ್ಲ. ‘ಗೇಜು ತಪ್ಪು ಅಂದ ಮಾತ್ರಕ್ಕೆ ಉದ್ದ ಅನ್ನೋದೇ ಇಲ್ಲ ಅಂತ ಆಗಲ್ವಲ್ಲ,’ ಎಂದಿದ್ದರು. ಆಗ ನನಗೆ ಅವರು ಬಹಳ ದೊಡ್ಡವರಾಗಿ ಕಂಡರು. ಈಗ ಅಷ್ಟು ಖಚಿತವಿಲ್ಲ. ಒಂದು ಹೌದು ಎಂದಿದ್ದರೆ ಒಬ್ಬ ಹುಡುಗಿಯ ಪಕ್ಕದ ಕುರ್ಚಿ ತುಂಬುತ್ತಿತ್ತು. ಅವರ ಪ್ರಾಮಾಣಿಕತೆಯನ್ನು ಮೆಚ್ಚುವುದಕ್ಕೆ ನನಗೆ ಏನೂ ಖರ್ಚಾಗಲಿಲ್ಲ, ಖರ್ಚೆಲ್ಲ ಆ ಹುಡುಗಿಯದು.

ಕಾರ್ಡಿನಲ್ಲಿ ಅವಳು ಕೈಯಿಂದ ಒಂದು ಸಾಲು ಸೇರಿಸಿದ್ದಾಳೆ: ‘ತಂದೆಯವರು ಕೊನೆಯವರೆಗೂ ತಮ್ಮ ನಂಬಿಕೆಯಲ್ಲಿ ಅಚಲರಾಗಿದ್ದರು.’ ಓದಿ ನನಗೆ ಸಿಟ್ಟು ಬಂತು. ಬೆಂಚು ಎಲ್ಲಿ ಹೋಯಿತು? ಬಿಳಿ ಚೀಟಿಯ ಲಕೋಟೆ ಎಲ್ಲಿ ಹೋಯಿತು? ಆಮೇಲೆ, ಆ ಸಾಲು ಸುಳ್ಳೆಂದು ನಾನು ಹೇಳಲಾರೆ ಎಂದೂ ಹೊಳೆಯಿತು. ನಂಬಿಕೆ ಯಾವುದರಲ್ಲಿ ಎಂದು ಅವಳು ಬರೆದಿಲ್ಲ. ಅಥವಾ ಇದು ಅವಳು ಹೇಳಬಹುದಾದ ಕ್ಷಮೆಯೇ ಇರಬಹುದು.

ಕೊನೆಯದಾಗಿ ನನ್ನ ವಿಷಯ. ಬಾರ್ಲಿ ನೀರಿನ ಆ ಮೂಲೆಯಲ್ಲಿ ನಾನು ಅವರಿಗೆ ನನ್ನ ಸ್ವಂತ ಅಕ್ಕನ ಕತೆ ಹೇಳಿದ್ದೆ. ಮೈಸೂರಿನಲ್ಲಿ ಅಕ್ಕನಿಗೆ, ಅವಳ ಜೊತೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರೊಡನೆ ಮದುವೆ ಗೊತ್ತಾಗಿತ್ತು. ಎರಡೂ ಮನೆಯವರು ಒಪ್ಪಿದ್ದರು. ಅಪ್ಪ ಆಶೀರ್ವಾದಕ್ಕೆಂದು ಜಾತಕಗಳನ್ನು ಮಠಕ್ಕೆ ಒಯ್ದರು. ಗುರುಗಳು ನೋಡಿ, ‘ಈ ಸಂಬಂಧ ಬೇಡ’ ಎಂದರು. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹಾಲಿನಲ್ಲಿ ನಿಂತು, ‘ಅವರ ಬಾಯಲ್ಲಿ ಬಂತು, ಮುಗೀತು,’ ಎಂದರು. ಅಕ್ಕ ಮತ್ತೆ ಯಾರನ್ನೂ ಒಪ್ಪಲಿಲ್ಲ. ಆರೇಳು ವರ್ಷದ ಮೇಲೆ ಅದೇ ಗುರುಗಳು ಅಪ್ಪನನ್ನು ನಗುತ್ತ ಕೇಳಿದರಂತೆ, ‘ದೊಡ್ಡವಳಿಗೆ ಇನ್ನೂ ಯಾಕೆ ಮಾಡಲಿಲ್ಲ?’ ಅವರಿಗೆ ನೆನಪೇ ಇರಲಿಲ್ಲ. ಅಪ್ಪ ಕೈಮುಗಿದು ಬಂದರು. ಈಗ ನಮ್ಮ ಮನೆಯಲ್ಲಿ, ‘ಅವಳಿಗೇ ಮದುವೆ ಬೇಡವಾಗಿತ್ತು’ ಎನ್ನುತ್ತಾರೆ. ನಾನೂ ನನ್ನ ಗಂಡನಿಗೆ ಮೊದಲ ಸಲ ಹಾಗೆಯೇ ಹೇಳಿದ್ದೆ.

ಕೇಳಿದ ಮೈಕ್ರಾನ್ ಸಾನ್ ಗುರುಗಳ ಬಗ್ಗೆ ಏನೂ ಅನ್ನಲಿಲ್ಲ. ‘ಆವತ್ತು ನೀವೂ ಅಲ್ಲಿದ್ರಾ? ನೀವು ಏನಂದ್ರಿ?’ ಎಂದರು.

‘ನೆನಪಿಲ್ಲ.’

‘ಬಿಳಿ ಚೀಟಿ,’ ಎಂದು ಅವರು ಸೋಯಾ ಕಾಯಿ ಬಿಡಿಸತೊಡಗಿದರು.

ಆ ವರ್ಷದ ದಿನಚರಿಯೂ ನನ್ನ ಬಳಿ ಇದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟು: ‘ಆಪ್ಟಿಕ್ಸ್ ಪೇಪರ್ ಪರವಾಗಿಲ್ಲ. ಅಪ್ಪ ಮಠದಿಂದ ಬಂದರು.’ ನಾನು ಬಾಗಿಲ ಬಳಿ ಪುಸ್ತಕದ ಕಪಾಟಿಗೆ ಒರಗಿ ನಿಂತಿದ್ದೆ ಎಂಬುದು ಗೊತ್ತು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದದ್ದು ಗೊತ್ತು. ಅವಳ ಕಣ್ಣು ನನ್ನ ಹತ್ತಿರ ಬಂದ ಮೇಲೆ ಏನಾಯಿತು ಎಂಬುದು ಮಾತ್ರ ಇಲ್ಲ. ‘ಅಪ್ಪ, ಇದು ತಪ್ಪು’ ಎಂದು ನಾನು ಹೇಳಿದ ಹಾಗೆ ಒಮ್ಮೊಮ್ಮೆ ಕೇಳಿಸುತ್ತದೆ, ನನ್ನದೇ ದನಿಯಲ್ಲಿ. ಮದುವೆಯ ದಿನದ ಮಳೆಯೂ ಅಷ್ಟೇ ಸ್ಪಷ್ಟವಾಗಿ ಸುರಿದಿತ್ತು.

ಕಾರ್ಡು ಬಂದ ಮರುದಿನ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಅವಳು ಓದಿದ್ದಾಳೆ. ಆಮೇಲೆ ತಾರಸಿಯ ಬದನೆ ಗಿಡ ಹೂ ಬಿಟ್ಟ ಫೋಟೊ ಕಳಿಸಿದಳು, ಪುಟ್ಟಿಯ ಕೆಮ್ಮು ಹೇಗಿದೆ ಎಂದು ಕೇಳಿದಳು, ಗ್ಯಾಸ್ ಸಿಲಿಂಡರಿನವನು ಬಂದು ಹೋದದ್ದನ್ನೂ ಬರೆದಳು. ಹದಿನೆಂಟು ದಿನವಾಯಿತು. ಅವಳ ಫೋಟೊಗಳ ಮೇಲೆ, ಅಲ್ಲೇ ಎಲ್ಲೋ, ನನ್ನ ಪ್ರಶ್ನೆ ಇದ್ದ ಹಾಗೇ ಇದೆ:

‘ಅಕ್ಕ, ಆವತ್ತು ಅಪ್ಪ ಹಾಲಲ್ಲಿ ನಿಂತು ಹೇಳಿದಾಗ ನಾನೂ ಅಲ್ಲೇ ಇದ್ದೆ ಅಲ್ವಾ, ನಾನು ಏನಾದ್ರೂ ಅಂದ್ನಾ?’